ಹಿತ್ತಲ ಹೇಂಟೆಗೆ ತಕ್ಕ ಮೇವು

ಹೊಸಪೇಟೆ, ಕಂಪ್ಲಿ, ಸಂಡೂರು ಸೀಮೆಯ ಹಳ್ಳಿಗಳಲ್ಲಿ ನಮ್ಮ ಸಭೆಗಳವರ ಮನೆಗಳನ್ನು ನೋಡಿದರೆ ಹಿತ್ತಲಲ್ಲಿ ನಾಲ್ಕಾರು ಕೋಳಿಗಳಿಲ್ಲದ ಮನೆ ಅಪರೂಪ. ಆ ಕೋಳಿಗಳ ವಿಷಯವಾಗಿ ಒಂದು ದೂರು ಬೇಸಿಗೆ ಬಂದಾಗಲೆಲ್ಲಾ ನಮ್ಮ ಕಿವಿಗೆ ಬೀಳುತ್ತದೆ. ಏನಂದರೆ, ಚೆನ್ನಾಗಿ ಮೊಟ್ಟೆಯಿಡುತ್ತಿದ್ದ ಹೇಂಟೆಯು ಈಗ ಚಿಪ್ಪಿಲ್ಲದೆ ತೊಗಲಿನಂತಿರುವ ತತ್ತಿಯನ್ನು ಇಡುತ್ತದೆ. ಇಲ್ಲವೆ ಇಟ್ಟ ಮೊಟ್ಟೆಯನ್ನು ತಾನೇ ಕುಕ್ಕಿ ಕುಡಿಯುತ್ತದೆ. ಆದ್ದರಿಂದ ಅದರ ಮೇಲೆ ಯಾರದೋ ಕಣ್ಣು ಬಿದ್ದಿದೆ ಎಂಬದೇ. ಹೀಗೆ ಹೇಳುವವರು ಸ್ನಾನ ಹೊಂದಿ ಕರ್ತನ ಪಂಕ್ತಿಯಲ್ಲಿ ಕೂಡ್ರುವವರೇ ಆಗಿರುವದು ನಮಗೆ ದುಃಖದ ಸಂಗತಿ.

ಕಣ್ಣು ಬಿದ್ದಿದೆ ಎಂಬ ಮಾತು ಕೋಳಿಯ ಗೂಡಿನ ಬಳಿಯಲ್ಲೇ ನಿಲ್ಲುವದಾದರೆ ನಾವು ಇಷ್ಟು ಬರೆಯುತ್ತಿರಲಿಲ್ಲ. ಅದು ನಿಲ್ಲುವದಿಲ್ಲ. ಯಾರ ಕಣ್ಣು ಎಂಬ ಪ್ರಶ್ನೆ ಕೂಡಲೇ ಹುಟ್ಟುತ್ತದೆ. ಆಮೇಲೆ ಅದು ಪಕ್ಕದ ಮನೆಯ ವಿಧವೆಯ ಮೇಲೆಯೋ ಮಕ್ಕಳಿಲ್ಲದ ಸಹೋದರಿಯ ಮೇಲೆಯೋ ಹೋಗಿ ಕೂಡ್ರುತ್ತದೆ. ಆಕೆ ಬೆಂಕಿ ಕೇಳಲು ಬಂದರೆ ಬಾಗಿಲು ಅರ್ಧ ಮುಚ್ಚಿಕೊಳ್ಳುತ್ತದೆ. ಆರಾಧನೆಯಲ್ಲಿ ಆಕೆಯ ಪಕ್ಕದ ಚಾಪೆ ಬರಿದಾಗಿ ಉಳಿಯುತ್ತದೆ. ನೆರೆಯವರ ಮೇಲೆ ಸುಳ್ಳುಸಾಕ್ಷಿ ಹೇಳಬಾರದೆಂಬ ಆಜ್ಞೆಯನ್ನು ನಮ್ಮ ಮಕ್ಕಳು ಬಾಯಿಪಾಠವಾಗಿ ಒಪ್ಪಿಸುತ್ತಾರೆ. ಒಂದು ಹೇಂಟೆಯ ತೊಗಲುಮೊಟ್ಟೆಯ ನಿಮಿತ್ತ ಆ ಆಜ್ಞೆಯನ್ನು ದೊಡ್ಡವರು ಮುರಿಯುವದಾದರೆ, ಮೊಟ್ಟೆಯ ಚಿಪ್ಪು ಯಾತರಿಂದ ಆಗುತ್ತದೆಂಬದನ್ನು ತಿಳಿಯುವದು ಸಭೆಗೆ ಅವಶ್ಯವಾದ ಪಾಠವೇ ಸರಿ. ಇದಲ್ಲದೆ ನೀತಿವಂತನು ತನ್ನ ಪಶುಪ್ರಾಣಿಗಳ ಜೀವವನ್ನು ಲಕ್ಷಿಸುತ್ತಾನೆಂದು ಜ್ಞಾನೋಕ್ತಿಗಳ ಹನ್ನೆರಡನೆಯ ಅಧ್ಯಾಯದಲ್ಲಿ ಕಲಿತಿದ್ದೇವೆ. ಕೋಳಿಯನ್ನು ಆ ಲೆಕ್ಕದಿಂದ ಬಿಡಲು ಕಾರಣವಿಲ್ಲ.

ಮೊದಲು ಹಿತ್ತಲ ಕೋಳಿಯ ದಿನಚರಿಯನ್ನು ನೋಡಿರಿ. ನಾಟಿ ಹೇಂಟೆಯು ಬೆಳಗಾಗುತ್ತಲೇ ಗೂಡಿನಿಂದ ಹೊರಟು ತಿಪ್ಪೆಯನ್ನು ಕೆದಕಿ, ಹುಳ, ಗೆದ್ದಲು, ಬಿದ್ದ ಕಾಳು, ಎಳೆ ಹುಲ್ಲು ಇವುಗಳನ್ನು ತಾನೇ ಹುಡುಕಿ ತಿನ್ನುತ್ತದೆ. ಅದರ ತೂಕ ಒಂದೂಕಾಲು ಒಂದೂವರೆ ಕಿಲೋ. ದಿನಕ್ಕೆ ಬೇಕಾದದ್ದು 70ರಿಂದ 90 ಗ್ರಾಂ ಮೇವು. ಇದರಲ್ಲಿ ದೊಡ್ಡ ಪಾಲನ್ನು ಅದು ಸಂಪಾದಿಸಿಕೊಳ್ಳುವದರಿಂದ ನಾವು ಸಂಜೆಯಲ್ಲಿ 30ರಿಂದ 50 ಗ್ರಾಂ, ಅಂದರೆ ಕೋಳಿಗೊಂದು ಹಿಡಿಯಷ್ಟು, ಕೊಟ್ಟರೆ ಸಾಕು. ಪಂಜರದಲ್ಲಿ ಸಾಕುವ ಬಿಳಿ ಲೆಗ್‌ಹಾರ್ನ್ ಕೋಳಿಯ ಮಾತು ಬೇರೆ. ಅದಕ್ಕೆ ದಿನಕ್ಕೆ 110 ಗ್ರಾಮಿನಷ್ಟು ಪೂರ್ಣ ಮೇವು ಬೇಕು, ಅದು ವರುಷಕ್ಕೆ ಮುನ್ನೂರರ ಹತ್ತಿರ ಮೊಟ್ಟೆಯಿಡುತ್ತದೆ. ನಾಟಿ ಹೇಂಟೆಯು ಅರುವತ್ತು ಎಪ್ಪತ್ತು ಇಟ್ಟು ನಡುನಡುವೆ ಕಾವಿಗೆ ಕೂಡ್ರುತ್ತದೆ. ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನವರು ಹಳ್ಳಿಗಳಿಗಾಗಿ ಸಿದ್ಧಮಾಡಿದ ಗಿರಿರಾಜ, ಸ್ವರ್ಣಧಾರಾ ಎಂಬ ಜಾತಿಗಳು ಇವೆರಡರ ನಡುವಿನವು. ಹೆಚ್ಚು ಇಡುತ್ತವೆ, ಹೆಚ್ಚು ಬೇಡುತ್ತವೆ. ಯಾವ ಜಾತಿಯನ್ನು ಸಾಕುತ್ತೀರೆಂಬದನ್ನು ಅರಿಯದೆ ಮೇವಿನ ಅಳತೆಯನ್ನು ನೆರೆಮನೆಯಿಂದ ಕಲಿಯಬೇಡಿರಿ.

ಕೋಳಿಗೆ ಹೊಟ್ಟೆ ತುಂಬಿತೋ ಇಲ್ಲವೋ ಎಂಬದನ್ನು ತಿಳಿಯಲು ತಕ್ಕಡಿ ಬೇಡ. ಸಂಜೆ ಗೂಡಿಗೆ ಸೇರಿದ ಮೇಲೆ ಅದನ್ನು ಮೆಲ್ಲಗೆ ಎತ್ತಿ, ಕುತ್ತಿಗೆಯ ಕೆಳಗೆ ಎದೆಯ ಬಲಗಡೆಯಲ್ಲಿರುವ ಮೇವಿನ ಚೀಲವನ್ನು ಬೆರಳಿನಿಂದ ಮುಟ್ಟಿ ನೋಡಿರಿ. ನಿಂಬೆಹಣ್ಣಿನಂತೆ ದುಂಡಗೆ ತುಂಬಿದ್ದರೆ ಒಳ್ಳೇದು; ಬರಿದಾಗಿದ್ದರೆ ಅದು ಹಸಿದೇ ಮಲಗುತ್ತದೆ. ಸುಗ್ಗಿಯಲ್ಲಿ ಕಣಗಳಲ್ಲಿ ಕಾಳು ಚೆಲ್ಲಿರುವಾಗ ಈ ಚೀಲವು ತಾನಾಗಿಯೇ ತುಂಬಿರುವದು. ಏಪ್ರಿಲ್ ಮೇ ತಿಂಗಳುಗಳಲ್ಲಿ ನೆಲವು ಸುಟ್ಟು, ಹುಳಗಳು ಆಳಕ್ಕೆ ಇಳಿದು, ಹುಲ್ಲು ಒಣಗಿದ ಮೇಲೆ ಎಷ್ಟು ಕೆದಕಿದರೂ ಸಿಕ್ಕುವದು ಸ್ವಲ್ಪವೇ. ದೂರುಗಳು ಬೇಸಿಗೆಯಲ್ಲಿಯೇ ಹೆಚ್ಚುವದಕ್ಕೆ ಇದು ಒಂದು ಕಾರಣ.

ಇನ್ನು ಚಿಪ್ಪಿನ ವಿಷಯ. ನಾಟಿ ಕೋಳಿಯ ಮೊಟ್ಟೆ ಸುಮಾರು 40 ಗ್ರಾಂ ತೂಗುತ್ತದೆ. ಅದರಲ್ಲಿ ಚಿಪ್ಪು ಹೆಚ್ಚುಕಡಿಮೆ 4 ಗ್ರಾಂ. ಆ ಚಿಪ್ಪಿನಲ್ಲಿ ನೂರಕ್ಕೆ ತೊಂಬತ್ತನಾಲ್ಕು ಪಾಲು ಸುಣ್ಣಕಲ್ಲಿನ ದ್ರವ್ಯವೇ ಇರುತ್ತದೆ. ಅದರೊಳಗಿನ ಕ್ಯಾಲ್ಸಿಯಮನ್ನು ಮಾತ್ರ ಲೆಕ್ಕಿಸಿದರೆ ಒಂದು ಮೊಟ್ಟೆಗೆ ಒಂದೂವರೆ ಗ್ರಾಂ. ಕೋಳಿಯು ತಿಂದ ಕ್ಯಾಲ್ಸಿಯಮಿನಲ್ಲಿ ಅರ್ಧದಷ್ಟನ್ನು ಮಾತ್ರ ಮೈಗೆ ಹೀರಿಕೊಳ್ಳುವದರಿಂದ ಮೊಟ್ಟೆಯಿಡುವ ದಿನ ಅದಕ್ಕೆ 3 ಗ್ರಾಂ ಬೇಕು. ಈಗ ನಾವು ಸಾಮಾನ್ಯವಾಗಿ ಎರಚುವ ಬಿಳಿಜೋಳದಲ್ಲಿ ಎಷ್ಟಿದೆ? 100 ಗ್ರಾಂ ಜೋಳದಲ್ಲಿ ಗ್ರಾಮಿನ ನಾಲ್ವತ್ತರಲ್ಲಿ ಒಂದು ಪಾಲು ಮಾತ್ರ! ಹಾಗಾದರೆ ರಾಗಿ ಒಳ್ಳೇದಲ್ಲವೇ ಎಂದು ಕೇಳುವಿರಿ. ಧಾನ್ಯಗಳಲ್ಲೆಲ್ಲಾ ರಾಗಿಯಲ್ಲಿ ಕ್ಯಾಲ್ಸಿಯಂ ಹೆಚ್ಚೆಂಬದು ನಿಜ, 100 ಗ್ರಾಮಿನಲ್ಲಿ ಗ್ರಾಮಿನ ಮೂರನೆಯ ಒಂದು ಪಾಲಿನಷ್ಟು ಇದೆ. ಆದರೆ ಅದರಿಂದಲೇ 3 ಗ್ರಾಂ ಒದಗಬೇಕಾದರೆ ಹೇಂಟೆಯು ದಿನಕ್ಕೆ ಮುಕ್ಕಾಲು ಕಿಲೋಗಿಂತ ಹೆಚ್ಚು ರಾಗಿಯನ್ನು ನುಂಗಬೇಕಾದೀತು. ಹೀಗಿರಲಾಗಿ ಕಾಳನ್ನು ಎಷ್ಟು ಧಾರಾಳವಾಗಿ ಚೆಲ್ಲಿದರೂ ಚಿಪ್ಪು ಆಗಲಾರದು.

ಸುಣ್ಣದ ಅಂಶ ಸಿಕ್ಕದ ಹೇಂಟೆ ಏನು ಮಾಡುತ್ತದೆ? ಮೊಟ್ಟೆಯಿಡುವ ಕಾಲಕ್ಕಾಗಿ ಸೃಷ್ಟಿಕರ್ತನು ಅದರ ಎಲುಬುಗಳ ಒಳಗೆ ಸ್ವಲ್ಪ ಸುಣ್ಣದ ಉಗ್ರಾಣವನ್ನಿಟ್ಟಿದ್ದಾನೆ. ಅದನ್ನು ತೆಗೆದು ಚಿಪ್ಪು ಕಟ್ಟುತ್ತದೆ. ಉಗ್ರಾಣ ಬರಿದಾದ ಮೇಲೆ ಚಿಪ್ಪು ತೆಳ್ಳಗಾಗುತ್ತದೆ, ಆಮೇಲೆ ತೊಗಲುಮೊಟ್ಟೆ, ಆಮೇಲೆ ಮೊಟ್ಟೆಯೇ ಇಲ್ಲ. ಕೆಲವು ಕಾಲು ಸೋತು ಕೂತುಬಿಡುತ್ತವೆ. ಮೊಟ್ಟೆಯನ್ನು ಕುಕ್ಕಿ ತಿನ್ನುವ ಚಾಳಿಯೂ ಹೆಚ್ಚಾಗಿ ಇಲ್ಲಿಂದಲೇ ಹುಟ್ಟುವದು. ತೆಳ್ಳಗಿನ ಚಿಪ್ಪು ಗೂಡಿನಲ್ಲಿ ಒಡೆಯುತ್ತದೆ, ಕೋಳಿ ರುಚಿ ನೋಡುತ್ತದೆ, ಮರುದಿನ ತಾನೇ ಒಡೆಯುತ್ತದೆ. ಸುಣ್ಣ ಬಳಿದ ಗೋಡೆಯನ್ನು ಕೋಳಿ ಕುಕ್ಕುತ್ತಿರುವದನ್ನು ಕಂಡರೆ ಅದು ತನಗೆ ಬೇಕಾದದ್ದನ್ನು ನಿಮಗೆ ಹೇಳುತ್ತಿದೆಯೆಂದು ತಿಳಿಯಿರಿ. (ಗೋಡೆಯನ್ನು ತಿನ್ನಲು ಬಿಡಬೇಡಿರಿ, ಈಗಿನ ಬಣ್ಣಗಳಲ್ಲಿ ವಿಷದ್ರವ್ಯಗಳಿರಬಹುದು. ಹಂಪಿಯ ಹಳೇ ಮಂಟಪ ಗೋಪುರಗಳ ಗಾರೆಯನ್ನು ಕೆರೆದು ತರುವ ಯೋಚನೆಯನ್ನಂತೂ ಯಾರೂ ಮಾಡಬೇಡಿರಿ. ಅದು ಪೂರ್ವಿಕರ ಸ್ವಾಸ್ತ್ಯ, ಕಾನೂನಿಗೂ ವಿರೋಧ.)

ಇಲ್ಲಿ ನಮ್ಮ ಸೀಮೆಯವರು ತಪ್ಪದೆ ಗ್ರಹಿಸಬೇಕಾದ ಒಂದು ಭೇದವಿದೆ. ಹಂಪಿ ಬಜಾರಿನ ಸುತ್ತಮುತ್ತ ಕಲ್ಲಿಗೆ ಬರವಿಲ್ಲ. ಹೇಮಕೂಟದಿಂದ ಮಾತಂಗ ಪರ್ವತದ ವರೆಗೂ ಬಂಡೆಯ ಮೇಲೆ ಬಂಡೆ. ನಮ್ಮ ಕೋಳಿಗಳು ದಿನವೆಲ್ಲಾ ಕಲ್ಲು ನುಂಗುತ್ತವೆ, ಅವುಗಳಿಗೆ ಇನ್ನೇನು ಕಲ್ಲು ಕೊಡಬೇಕು ಎಂದು ಹೇಳುವವರುಂಟು. ಕೋಳಿಗೆ ಹಲ್ಲಿಲ್ಲ. ಕೋಳಿಯನ್ನು ಕೊಯ್ದು ನೋಡಿದವರಿಗೆ ಅದರ ಒಳಗೆ ಗಟ್ಟಿ ಮಾಂಸದ ಒಂದು ಚೀಲವೂ ಅದರಲ್ಲಿ ಸಣ್ಣ ಹರಳುಗಳೂ ಇರುವದು ಗೊತ್ತು. ಆ ಚೀಲವೇ ಅದರ ಬೀಸುವ ಕಲ್ಲು. ನುಂಗಿದ ಹರಳುಗಳು ಅಲ್ಲಿದ್ದು ಕಾಳನ್ನು ಅರೆಯುತ್ತವೆ. ಹಂಪಿಯ ಕಣಶಿಲೆಯ ಗರಸು, ಬೆಣಚುಕಲ್ಲಿನ ಹರಳು ಈ ಕೆಲಸಕ್ಕೆ ಬಹು ಯೋಗ್ಯ, ಯಾಕಂದರೆ ಅವು ಕರಗುವದಿಲ್ಲ. ಕರಗದ್ದರಿಂದಲೇ ಅವು ಚಿಪ್ಪಿಗೆ ಪ್ರಯೋಜನವಿಲ್ಲ. ಸಂಡೂರಿನ ಕೆಂಪುಕಲ್ಲು ಕಬ್ಬಿಣದ ಅದಿರು, ಅದರಿಂದಲೂ ಚಿಪ್ಪಾಗದು. ಚಿಪ್ಪಿಗೆ ಬೇಕಾದದ್ದು ಹೊಟ್ಟೆಯ ಹುಳಿಯಲ್ಲಿ ಕರಗುವ ಕಲ್ಲು, ಅಂದರೆ ಸುಣ್ಣಕಲ್ಲು ಅಥವಾ ಚಿಪ್ಪು.

ಇದು ಎಲ್ಲಿ ಸಿಕ್ಕುತ್ತದೆ? ತುಂಗಭದ್ರೆಯ ನೀರು ಇಳಿದಾಗ ಮರಳಿನಲ್ಲಿ ಕಪ್ಪೆಚಿಪ್ಪುಗಳೂ ಬಸವನಹುಳದ ಚಿಪ್ಪುಗಳೂ ಬಿದ್ದಿರುತ್ತವೆ. ಬರಿದಾದ ಚಿಪ್ಪುಗಳನ್ನೇ ಆರಿಸಿ ತಂದು, ಕುದಿಸಿ, ಒಣಗಿಸಿ, ಒರಳಲ್ಲಿ ಜೋಳದ ಕಾಳಿನಷ್ಟು ದಪ್ಪಗೆ ಕುಟ್ಟಿರಿ. ಹಿಟ್ಟಿನಂತೆ ನುಣ್ಣಗೆ ಮಾಡಬಾರದು. ಇದಕ್ಕೆ ಕಾರಣವೇನಂದರೆ, ಮೊಟ್ಟೆಯು ಹೇಂಟೆಯ ಒಳಗೆ ಚಿಪ್ಪು ಕಟ್ಟಿಕೊಳ್ಳಲು ಸುಮಾರು 20 ತಾಸು ಹಿಡಿಯುತ್ತದೆ, ಅದರಲ್ಲಿ ಹೆಚ್ಚಿನ ಕೆಲಸ ರಾತ್ರಿಯಲ್ಲಿ ಕೋಳಿಯು ಏನೂ ತಿನ್ನದಿರುವಾಗಲೇ ನಡೆಯುತ್ತದೆ. ಸಂಜೆಯಲ್ಲಿ ತಿಂದ ದಪ್ಪ ಚೂರುಗಳು ರಾತ್ರಿಯೆಲ್ಲಾ ಮೆಲ್ಲಗೆ ಕರಗುತ್ತಾ ಬೇಕಾದಷ್ಟನ್ನು ಒದಗಿಸುತ್ತವೆ; ನುಣ್ಣಗಿನ ಪುಡಿ ಬೇಗನೆ ಹೊರಟುಹೋಗುತ್ತದೆ. ಚಿಪ್ಪು ಸಿಕ್ಕದಿದ್ದರೆ ಮನೆಯಲ್ಲಿ ಉಳಿದ ಮೊಟ್ಟೆಯ ಸಿಪ್ಪೆಗಳನ್ನೇ ತೊಳೆದು, ಹಂಚಿನ ಮೇಲೆ ಹುರಿದು, ಗುರುತು ಸಿಕ್ಕದಂತೆ ಚೂರುಮಾಡಿ ಕೊಡಬಹುದು. ಅಂಗಡಿಯಲ್ಲಿ ಕೋಳಿಗೆಂದು ಮಾರುವ ಚಿಪ್ಪಿನ ಹರಳೂ ಸುಣ್ಣಕಲ್ಲಿನ ಹರಳೂ ಒಳ್ಳೇವು. ಆದರೆ ಎಲೆಅಡಿಕೆಗೆ ಹಚ್ಚುವ ಸುಣ್ಣವನ್ನಾಗಲಿ ಗೋಡೆಗೆ ಬಳಿಯುವ ಸುಟ್ಟ ಸುಣ್ಣವನ್ನಾಗಲಿ ಕೊಡಲೇಬಾರದು. ಅದು ಬಾಯಿ ಗಂಟಲುಗಳನ್ನು ಸುಡುತ್ತದೆ.

ದಿನಕ್ಕೆ ಒಂದು ಹೇಂಟೆಗೆ ಸಣ್ಣ ಚಮಚ ತುಂಬ, ಅಂದರೆ 8 ಗ್ರಾಮಿನಷ್ಟು ಸಾಕು. ಆದಾಗ್ಯೂ ಅಳೆದು ಕೊಡುವದಕ್ಕಿಂತ ಒಂದು ಮಡಕೆಯ ಓಡಿನಲ್ಲಿ ಚಿಪ್ಪಿನ ಚೂರನ್ನು ಮೇವಿನಿಂದ ಬೇರೆಯಾಗಿ ಇಟ್ಟುಬಿಡುವದೇ ಉತ್ತಮ. ಮೊಟ್ಟೆಯಿಡುವ ಹೇಂಟೆ ಬೇಕಾದಷ್ಟನ್ನು ಆರಿಸಿ ತಿನ್ನುತ್ತದೆ, ಹುಂಜವು ಅದನ್ನು ಹೆಚ್ಚಾಗಿ ಮುಟ್ಟುವದಿಲ್ಲ. ಮರಿಗಳ ಮೇವಿನಲ್ಲಿ ಸುಣ್ಣವನ್ನು ಬೆರಸಿದರೆ ಅವುಗಳ ಮೂತ್ರಪಿಂಡಗಳು ಕೆಡುತ್ತವೆ. ಆದ್ದರಿಂದ ದೊಡ್ಡವೂ ಸಣ್ಣವೂ ಕೂಡಿ ಮೇಯುವ ಹಿತ್ತಲಲ್ಲಿ ಬೇರೆ ಓಡು ಇಡುವದು ಅವಶ್ಯ. ಸಂಡೂರಿನ ಕಡೆಯವರು ಇದನ್ನು ಓದಿ ಇಷ್ಟು ಮಾತ್ರ ಮಾಡಿದರೂ ಅರ್ಧ ದೂರು ಕಡಿಮೆಯಾದೀತು.

ಬಿಸಿಲಿಗೂ ಇದರಲ್ಲಿ ಪಾಲಿದೆ. ಹೊಸಪೇಟೆಯ ಬೇಸಿಗೆಯಲ್ಲಿ ಕೋಳಿ ಬಾಯಿ ತೆರೆದು ಏದುವಾಗ ಅದರ ರಕ್ತದಲ್ಲಿ ಚಿಪ್ಪು ಕಟ್ಟಲು ಬೇಕಾದ ಅನಿಲಾಂಶವು ಉಸಿರಿನೊಂದಿಗೆ ಹೊರಟುಹೋಗುತ್ತದೆ. ಮೇವನ್ನೂ ಕಡಿಮೆ ತಿನ್ನುತ್ತದೆ. ಆಗ ಮೇವನ್ನು ಮುಂಜಾನೆ ನಸುಕಿನಲ್ಲಿಯೂ ಹೊತ್ತು ಇಳಿದ ಮೇಲೆಯೂ ಕೊಟ್ಟು, ಮಣ್ಣಿನ ಪಾತ್ರೆಯಲ್ಲಿ ನೆರಳಿನಲ್ಲಿ ತಣ್ಣೀರು ಇಡಿರಿ. ಕೋಳಿಯು ಮೇವಿನ ತೂಕದ ಎರಡರಷ್ಟು ನೀರು ಕುಡಿಯುತ್ತದೆ, ಬೇಸಿಗೆಯಲ್ಲಿ ಇನ್ನೂ ಹೆಚ್ಚು. ಒಂದು ದಿನ ನೀರು ತಪ್ಪಿದರೂ ಮೊಟ್ಟೆ ಹಲವು ದಿನ ತಪ್ಪುತ್ತದೆ. ಮೇವಿಗೆ ಹಣ ಕೊಟ್ಟು ನೀರಿಗೆ ಜಿಪುಣತನ ಮಾಡುವವರನ್ನು ಕಂಡಿದ್ದೇವೆ.

ಈಗ ಕಾಳಿನ ಮಾತು. ಜೋಳ, ಸಜ್ಜೆ, ಮೆಕ್ಕೆಜೋಳ, ನುಚ್ಚಕ್ಕಿ ಇವೆಲ್ಲಾ ಮೈಗೆ ಬಲ ಕೊಡುತ್ತವೆ. ಹಳದಿ ಮೆಕ್ಕೆಜೋಳ ಹಾಕಿದರೆ ಮೊಟ್ಟೆಯ ಹಳದಿ ಗಾಢವಾಗುವದು. ಬಿಳಿಜೋಳದಿಂದ ಆಗದು, ಆದರೂ ಅದರಿಂದ ಮೊಟ್ಟೆಗೆ ಕೊರತೆಯೆಂದು ತಿಳಿಯಬೇಡಿರಿ. ಸೊಪ್ಪು ಕೊಟ್ಟರೆ ಬಣ್ಣ ಬರುತ್ತದೆ. ಕಂಪ್ಲಿಯ ಕಡೆ ಕಾಲುವೆ ನೀರಿನ ಗದ್ದೆಗಳಿರುವದರಿಂದ ಭತ್ತದ ಗಿರಣಿಯ ನುಚ್ಚೂ ತೌಡೂ ಸುಲಭವಾಗಿ ಸಿಕ್ಕುತ್ತವೆ. ಪಡಿತರದ ಬಿಳಿ ಅಕ್ಕಿಯ ಅನ್ನ ಉಳಿದರೆ ಅದೂ ಕೋಳಿಗೇ. ಉಳಿದ ಅನ್ನವನ್ನು ಹಾಕುವದರಲ್ಲಿ ದೋಷವಿಲ್ಲ. ಅದನ್ನೇ ಪೂರ್ಣ ಮೇವಾಗಿ ಮಾಡುವದರಲ್ಲಿ ದೋಷವಿದೆ. ಇದನ್ನು ಲೋಕಕ್ಕೆ ಕಲಿಸಿದ್ದು ಕೋಳಿಗಳೇ ಎಂಬದು ಒಂದು ಸ್ವಾರಸ್ಯವಾದ ಚರಿತ್ರೆ.

ಜಾವಾ ದ್ವೀಪದಲ್ಲಿ ಡಚ್ಚರ ಆಳಿಕೆಯ ಕಾಲದಲ್ಲಿ ಬೆರಿಬೆರಿ ಎಂಬ ರೋಗದಿಂದ ಸಿಪಾಯಿಗಳೂ ಸೆರೆಯಾಳುಗಳೂ ಕಾಲು ಸೋತು, ಹೃದಯ ಬಲಹೀನವಾಗಿ ಸಾಯುತ್ತಿದ್ದರು. ಅದರ ಕಾರಣವನ್ನು ಹುಡುಕಲು 1886ರಲ್ಲಿ ಹೋದವರೊಳಗೆ ಕ್ರಿಸ್ಟಿಯಾನ್ ಐಕ್‌ಮನ್ ಎಂಬ ವೈದ್ಯನಿದ್ದನು. ಇದು ಕ್ರಿಮಿಗಳಿಂದ ಹುಟ್ಟುವ ರೋಗವೆಂದು ಅವನು ಎಣಿಸಿ ಕೋಳಿಗಳ ಮೇಲೆ ಪರೀಕ್ಷೆ ಮಾಡುತ್ತಿದ್ದನು. ಹೀಗಿರುವಾಗ ಅವನ ಕೋಳಿಗಳು ಒಮ್ಮೆಲೆ ಕಾಲು ಸೋತು ಬಿದ್ದವು; ರೋಗದ ಕ್ರಿಮಿಯನ್ನು ಹಾಕದೆ ಇದ್ದವುಗಳೂ ಬಿದ್ದವು. ಕೆಲವು ತಿಂಗಳ ಮೇಲೆ ಅಷ್ಟೇ ಆಶ್ಚರ್ಯವಾಗಿ ಎಲ್ಲವೂ ಎದ್ದು ಓಡಾಡಿದವು. ವಿಚಾರಿಸಲಾಗಿ, ಮೇವು ನೋಡಿಕೊಳ್ಳುವವನು ಹಣ ಉಳಿಸುವದಕ್ಕಾಗಿ ಸೈನಿಕರ ಆಸ್ಪತ್ರೆಯ ಅಡಿಗೆಮನೆಯಲ್ಲಿ ಉಳಿದ ಬಿಳಿ ಅನ್ನವನ್ನು ಅವುಗಳಿಗೆ ಹಾಕುತ್ತಿದ್ದನೆಂದೂ, ಹೊಸ ಅಡಿಗೆಯವನು ಬಂದು ಸೈನ್ಯದ ಅನ್ನವನ್ನು ಕೋಳಿಗೆ ಕೊಡಲಾಗದೆಂದು ನಿಲ್ಲಿಸಿದ ಮೇಲೆ ತೌಡು ತೆಗೆಯದ ಅಕ್ಕಿ ಅವುಗಳಿಗೆ ಸಿಕ್ಕಿತೆಂದೂ ತಿಳಿದುಬಂತು. ಬಿಳುಪು ಮಾಡುವಾಗ ತೆಗೆದುಬಿಡುವ ತೌಡಿನಲ್ಲಿಯೇ ಜೀವಕ್ಕೆ ಬೇಕಾದ ಒಂದು ಸೂಕ್ಷ್ಮ ದ್ರವ್ಯವಿತ್ತು. ಅದಕ್ಕೆ ಈಗ ಬಿ1 ಜೀವಸತ್ವವೆಂದು ಹೆಸರು. ಐಕ್‌ಮನ್ನನಿಗೆ 1929ರಲ್ಲಿ ನೊಬೆಲ್ ಬಹುಮಾನ ದೊರೆಯಿತು. ಜಿಪುಣನಾದ ಅಡಿಗೆಯವನಿಗೆ ಏನೂ ದೊರೆಯಲಿಲ್ಲ.

ಆದ್ದರಿಂದ ಬಿಳಿ ಅನ್ನದೊಂದಿಗೆ ತೌಡನ್ನು ಕಲಸಿ ಕೊಡಿರಿ. ಆದರೆ ಹಸಿ ತೌಡಿನಲ್ಲಿ ಎಣ್ಣೆಯಿರುವದರಿಂದ ಅದು ಕೆಲವೇ ದಿನಗಳಲ್ಲಿ ಕಮಟುತ್ತದೆ. ವಾರಕ್ಕಾಗುವಷ್ಟನ್ನು ಮಾತ್ರ ತರಬೇಕು. ನಾರು ಹೆಚ್ಚಾದ ಕಾರಣ ಮೇವಿನ ಐದರಲ್ಲಿ ಒಂದು ಪಾಲಿಗಿಂತ ಹೆಚ್ಚಾಗಬಾರದು. ಹಂಪಿ ಬಜಾರಿನ ಕಡೆ ಪ್ರವಾಸಿಗಳಿಗೆ ಉಪಾಹಾರ ಮಾರುವ ಅಂಗಡಿಗಳ ಎಂಜಲನ್ನು ಕೋಳಿಗೆ ತರುವವರು ಉಪ್ಪಿನಕಾಯಿ, ಉಪ್ಪುಖಾರದ ಕರಿದ ತಿಂಡಿ, ಬೂಷ್ಟು ಹಿಡಿದ ರೊಟ್ಟಿ ಇವುಗಳನ್ನು ತೆಗೆದಿಟ್ಟು ಕೊಡಬೇಕು. ಕೋಳಿಗೆ ಉಪ್ಪು ಬೇಕಾದದ್ದು ಕಿಲೋ ಮೇವಿಗೆ 3 ಗ್ರಾಂ ಮಾತ್ರ. ಹೆಚ್ಚಾದರೆ ನೀರಡಿಸಿ ಸಾಯುತ್ತದೆ.

ಕಾಳು ಬಲವನ್ನು ಕೊಟ್ಟರೂ ಮೊಟ್ಟೆಯ ಒಳಗಿನ ಬಿಳಿಯನ್ನು ಕಟ್ಟಲಾರದು. ಅದಕ್ಕೆ ಮಾಂಸಕರ ದ್ರವ್ಯ ಬೇಕು, ಅಂದರೆ ಈಗ ಪ್ರೋಟೀನೆಂದು ಹೇಳುವದು. ನಾಟಿ ಕೋಳಿಯ ಒಂದು ಮೊಟ್ಟೆಯಲ್ಲಿ 5 ಗ್ರಾಂ ಪ್ರೋಟೀನಿದೆ. ಮಳೆಗಾಲದಲ್ಲಿ ಹುಳಗಳಿಂದ ಅದು ದೊರೆಯುತ್ತದೆ. ಬೇಸಿಗೆಯಲ್ಲಿ ನಾವು ಕೊಡಬೇಕು. ಹಳೇ ಜನರ ಒಂದು ಉಪಾಯ ಈಗಲೂ ಒಳ್ಳೇದು: ಮಡಕೆಯಲ್ಲಿ ಒಣ ಸಗಣಿ, ಸೊಪ್ಪೆಯ ಚೂರು ತುಂಬಿ ನೀರು ಚಿಮುಕಿಸಿ, ಗೆದ್ದಲಿರುವ ಕಡೆ ಬಾಯಿ ಕೆಳಗಾಗಿ ಕವುಚಿಟ್ಟರೆ ಮರುದಿನ ಬೆಳಿಗ್ಗೆ ಗೆದ್ದಲು ತುಂಬಿರುತ್ತದೆ. ಮರಿಗಳಿಗೆ ಇದಕ್ಕಿಂತ ಒಳ್ಳೇ ಆಹಾರ ನಮಗೆ ತಿಳಿಯದು. ಖರ್ಚು ಒಂದು ಕಾಸೂ ಇಲ್ಲ.

ಗಾಣದ ಹಿಂಡಿಗಳಲ್ಲಿ ಶೇಂಗಾ ಹಿಂಡಿ ನಮ್ಮ ಸೀಮೆಯಲ್ಲಿ ಪ್ರಸಿದ್ಧ, ಕೋಳಿಗೆ ಯೋಗ್ಯವೂ ಹೌದು; ಆದರೆ ಅದರಲ್ಲಿ ಒಂದು ಅಪಾಯವುಂಟು. 1960ರಲ್ಲಿ ಇಂಗ್ಲೆಂಡಿನಲ್ಲಿ ಲಕ್ಷಕ್ಕಿಂತ ಹೆಚ್ಚು ಟರ್ಕಿ ಕೋಳಿಗಳು ಕಾರಣ ತಿಳಿಯದೆ ಸತ್ತವು. ಬ್ರೆಜಿಲ್ ದೇಶದಿಂದ ತಂದ ಶೇಂಗಾ ಹಿಂಡಿಯಲ್ಲಿ ಬೆಳೆದಿದ್ದ ಬೂಷ್ಟಿನ ವಿಷವೇ ಕಾರಣವೆಂದು ಪರೀಕ್ಷೆಯಿಂದ ಗೊತ್ತಾಯಿತು. ಆ ವಿಷವನ್ನು ಅಫ್ಲಾಟಾಕ್ಸಿನ್ ಎಂದು ಕರೆಯುತ್ತಾರೆ. ತೇವದಲ್ಲಿಟ್ಟ ಶೇಂಗಾದಲ್ಲಿಯೂ ಮೆಕ್ಕೆಜೋಳದಲ್ಲಿಯೂ ಅದು ಹುಟ್ಟುತ್ತದೆ, ಬೇಯಿಸಿದರೂ ಪೂರ್ಣವಾಗಿ ಹೋಗುವದಿಲ್ಲ, ಯಕೃತ್ತನ್ನು ಕೆಡಿಸುತ್ತದೆ. ಮನುಷ್ಯರಿಗೆ ಆಗದೆಂದು ತೆಗೆದಿಟ್ಟ ಬೂಷ್ಟು ಕಾಳು ಕೋಳಿಗಾದೀತೆಂಬ ಲೆಕ್ಕ ಬಹಳ ಮನೆಗಳಲ್ಲಿ ನಡೆಯುತ್ತದೆ. ಆ ಕೋಳಿಯ ಮೊಟ್ಟೆಯನ್ನು ತಿನ್ನುವವರು ಆ ಮನೆಯ ಮಕ್ಕಳೇ ಅಲ್ಲವೇ? ಹಸುರು, ಕಪ್ಪು ಬೂಷ್ಟು ಕಂಡ ಹಿಂಡಿಯನ್ನೂ ಕಾಳನ್ನೂ ಸುಟ್ಟುಬಿಡಿರಿ.

ಹತ್ತಿಕಾಳಿನ ಹಿಂಡಿ ಎತ್ತಿಗೆ ಸರಿ, ಮೊಟ್ಟೆಯಿಡುವ ಕೋಳಿಗೆ ಬೇಡ. ಅದರ ವಿಷಾಂಶದಿಂದ ಮೊಟ್ಟೆಯ ಹಳದಿಯು ಪಾಚಿಯ ಬಣ್ಣಕ್ಕೆ ತಿರುಗುತ್ತದೆ. ಔಡಲ ಹಿಂಡಿಯು ಪ್ರಾಣಹಾನಿಕರ. ಹೊಂಗೆ, ಬೇವು ಇವುಗಳ ಹಿಂಡಿಯನ್ನು ಹೊಲಕ್ಕೆ ಹಾಕಿರಿ. ಸೋಯಾ ಅವರೆಯನ್ನು ಹಸಿಯಾಗಿ ಕೊಟ್ಟರೆ ಜೀರ್ಣವಾಗದು, ಹುರಿದು ಅಥವಾ ಅಂಗಡಿಯ ಸೋಯಾ ಹಿಂಡಿಯಾಗಿ ಕೊಡಬೇಕು. ಒಣಮೀನಿನ ಚೂರು ಉತ್ತಮ, ಉಪ್ಪು ಹಾಕಿ ಒಣಗಿಸಿದ್ದನ್ನು ಮಾತ್ರ ತೊಳೆದು ಕೊಡಿರಿ. ಸೊಪ್ಪಿನಲ್ಲಿ ನುಗ್ಗೆಯದೇ ಮೇಲು. ಒಂದು ಕಂತೆಯನ್ನು ಕೋಳಿಯ ಕತ್ತಿನ ಎತ್ತರಕ್ಕೆ ತೂಗುಹಾಕಿದರೆ ಕುಕ್ಕಿ ತಿಂದು ಮುಗಿಸುತ್ತವೆ.

ಗೂಡಿನಲ್ಲಿಯೇ ಕಟ್ಟಿ ಸಾಕುವ ಗಿರಿರಾಜದಂಥ ಕೋಳಿಗಳಿಗೆ ಪೂರ್ಣ ಮೇವು ಬೇಕು. ಮನೆಯಲ್ಲಿ ಕೂಡಿಸುವವರು 10 ಕಿಲೋ ಮೇವಿಗೆ ಒಡೆದ ಮೆಕ್ಕೆಜೋಳ ಅಥವಾ ಜೋಳ 5 ಕಿಲೋ 400 ಗ್ರಾಂ, ಹೊಸ ತೌಡು 1 ಕಿಲೋ 200 ಗ್ರಾಂ, ಶೇಂಗಾ ಹಿಂಡಿ 1 ಕಿಲೋ, ಸೋಯಾ ಹಿಂಡಿ 1 ಕಿಲೋ, ಒಣಮೀನು 400 ಗ್ರಾಂ, ಚಿಪ್ಪಿನ ಚೂರು 800 ಗ್ರಾಂ, ಪಶುವೈದ್ಯಶಾಲೆಯವರು ಹೇಳುವ ಕೋಳಿಯ ಖನಿಜಮಿಶ್ರಣ 200 ಗ್ರಾಂ ಸೇರಿಸಬಹುದು. ಮೀನಿನಲ್ಲಿ ಉಪ್ಪಿಲ್ಲದಿದ್ದರೆ 30 ಗ್ರಾಂ ಉಪ್ಪು ಹಾಕಿರಿ. ಇದರಲ್ಲಿ ಪ್ರೋಟೀನು ನೂರಕ್ಕೆ ಹದಿನೇಳರಷ್ಟೂ ಕ್ಯಾಲ್ಸಿಯಂ ಮೂರೂವರೆಯಷ್ಟೂ ಬರುತ್ತದೆ. ಇದು ಮೊಟ್ಟೆಯಿಡುವ ಹೇಂಟೆಗೆ ಮಾತ್ರ, ಮರಿಗಳಿಗಲ್ಲ.

ಅಂಗಡಿಯ ಚೀಲವನ್ನು ಕೊಳ್ಳುವವರು ಚೀಲದ ಮೇಲಿನ ಬರಹವನ್ನು ಓದಿಸಿಕೊಂಡೇ ಹಣ ಕೊಡಬೇಕು. ಚಿಕ್ ಮ್ಯಾಶ್ ಮರಿಗಳಿಗೆ, ಗ್ರೋವರ್ ಬೆಳೆಯುವವುಗಳಿಗೆ, ಲೇಯರ್ ಮ್ಯಾಶ್ ಮೊಟ್ಟೆಯಿಡುವವುಗಳಿಗೆ. ಬ್ರಾಯ್ಲರ್ ಮೇವು ಮಾಂಸದ ಕೋಳಿಗೆ. ಅದನ್ನು ತಿಂದ ಹೇಂಟೆ ಕೊಬ್ಬುತ್ತದೆ, ಚಿಪ್ಪಿಗೆ ಬೇಕಾದ ಸುಣ್ಣವೂ ಅದರಲ್ಲಿಲ್ಲ. ಮೊದಲನೆಯ ಮೊಟ್ಟೆ ಕಾಣುವದಕ್ಕೆ ಮುಂಚೆ ಲೇಯರ್ ಮ್ಯಾಶ್ ಆರಂಭಿಸಬೇಡಿರಿ. ತಯಾರಾದ ದಿನಾಂಕವನ್ನೂ ನೋಡಿರಿ. 50 ಕಿಲೋ ಚೀಲವನ್ನು ಐದು ಕೋಳಿಗಳಿರುವ ಒಂದೇ ಮನೆಯವರು ತಂದರೆ ಅದು ಮುಗಿಯುವ ಮೊದಲೇ ಹುಳ ಹಿಡಿಯುತ್ತದೆ. ಸಭೆಯ ನಾಲ್ಕೈದು ಮನೆಯವರು ಕೂಡಿ ಒಂದು ಚೀಲ ತಂದು ಹಂಚಿಕೊಂಡರೆ ಮೇವು ಹೊಸದಾಗಿರುವದು, ಖರ್ಚೂ ಹಗುರವಾಗುವದು.

ಹೀಗೆ ಕೂಡಿ ಮಾಡುವದು ನಮ್ಮವರಿಗೆ ಹೊಸದಲ್ಲ. 1920ರ ದಶಕದಲ್ಲಿ ತಿರುವಾಂಕೂರಿನ ಮಾರ್ತಾಂಡದಲ್ಲಿ, ಈಗ ತಮಿಳುನಾಡಿನ ಕನ್ಯಾಕುಮಾರಿ ಜಿಲ್ಲೆಗೆ ಸೇರಿದ ಊರಿನಲ್ಲಿ, ವೈ.ಎಂ.ಸಿ.ಎ.ಯ ಸ್ಪೆನ್ಸರ್ ಹ್ಯಾಚ್ ಎಂಬವರು ಹಳ್ಳಿಯವರಿಗೆ ಒಳ್ಳೇ ಜಾತಿಯ ಕೋಳಿಗಳನ್ನು ಸಾಕಲು ಕಲಿಸಿ, ಮೊಟ್ಟೆಗಳನ್ನು ಪರೀಕ್ಷಿಸಿ ವಿಂಗಡಿಸಿ ಒಟ್ಟಾಗಿ ಮಾರುವ ಸಂಘವನ್ನು ಕಟ್ಟಿದರು. ಒಬ್ಬೊಬ್ಬರಾಗಿ ಮಾರುವಾಗ ಸಿಕ್ಕದ ಬೆಲೆ ಕೂಡಿ ಮಾರಿದವರಿಗೆ ಸಿಕ್ಕಿತು. ಹಂಪಿಯ ಪೇಟೆಗಳಲ್ಲಿಯೂ ಕೋಳಿಯ ವ್ಯಾಪಾರ ಹಳೇದು. 1520ರ ಸುಮಾರಿಗೆ ವಿಜಯನಗರಕ್ಕೆ ಬಂದ ಪೋರ್ಚುಗೀಸನಾದ ಡೊಮಿಂಗೊ ಪಾಯೆಸ್ ಇಲ್ಲಿ ಕೋಳಿಗಳು ಹೇರಳವಾಗಿ ಅಗ್ಗವಾಗಿ ಸಿಕ್ಕುವದನ್ನು ಬರೆದಿಟ್ಟಿದ್ದಾನೆ. ಈಗ ಅಗ್ಗವಲ್ಲ; ನಾಟಿ ಮೊಟ್ಟೆಗೆ ಫಾರಂ ಮೊಟ್ಟೆಗಿಂತ ಹೆಚ್ಚು ಬೆಲೆ. ಗಟ್ಟಿ ಚಿಪ್ಪಿನ ಮೊಟ್ಟೆಯೇ ಹೊಸಪೇಟೆಯ ವರೆಗೆ ಬಸ್ಸಿನಲ್ಲಿ ಒಡೆಯದೆ ಹೋಗುವದು. ಸುಗ್ಗಿಹಬ್ಬದ ಕಾಣಿಕೆಗೆ ಸೀಳುಬಿಟ್ಟ ಮೊಟ್ಟೆಗಳನ್ನೇ ಆರಿಸಿ ತರುವವರಿದ್ದಾರೆ. ಮಲಾಕಿಯ ಪುಸ್ತಕದ ಮೊದಲನೆಯ ಅಧ್ಯಾಯವನ್ನು ಅವರು ಓದಿಕೊಳ್ಳಲಿ.

ಮೊಟ್ಟೆ ಹೆಚ್ಚಿಸುತ್ತದೆಂದು ಅಂಗಡಿಗಳಲ್ಲಿ ಮಾರುವ ಪುಡಿ, ದ್ರಾವಣಗಳ ವಿಷಯದಲ್ಲಿ ನಮ್ಮ ಅಭಿಪ್ರಾಯ ಕೇಳಿದರೆ, ಮೇವು ನೀರು ಚಿಪ್ಪು ಸರಿಯಾಗಿರುವ ಮನೆಯಲ್ಲಿ ಅವುಗಳ ಅವಶ್ಯವಿಲ್ಲ. ಇವು ಸರಿಯಿಲ್ಲದ ಮನೆಯಲ್ಲಿ ಅವುಗಳಿಂದ ಪ್ರಯೋಜನವಿಲ್ಲ. ಜೀವಸತ್ವದ ಪುಡಿಯು ರೋಗದಿಂದ ಎದ್ದ ಕೋಳಿಗೆ ನಾಲ್ಕು ದಿನ ಸಹಾಯಕ. ಆದರೆ ಕ್ರಿಮಿನಾಶಕ ಔಷಧಗಳನ್ನು ವೈದ್ಯರ ಮಾತಿಲ್ಲದೆ ಮೇವಿಗೆ ಬೆರಸಬೇಡಿರಿ. ಮನುಷ್ಯರ ಕಡೆಯ ಆಸರೆಯಾದ ಕೊಲಿಸ್ಟಿನ್ ಎಂಬ ಔಷಧವನ್ನು ಕೋಳಿ ದನಗಳಿಗೆ ಕೊಡುವದನ್ನು ಭಾರತ ಸರಕಾರವು 2019ರಲ್ಲಿ ನಿಷೇಧಿಸಿತು. ಹಾಗೆ ಬಳಸುತ್ತಾ ಹೋದರೆ ಮನುಷ್ಯರ ರೋಗಕ್ರಿಮಿಗಳೂ ಆ ಔಷಧಕ್ಕೆ ಬಗ್ಗದಂತಾಗುತ್ತವೆ.

ಎಲ್ಲಾ ಕೊರತೆಯೂ ಮೇವಿನದಲ್ಲ. ರೆಕ್ಕೆಪುಕ್ಕ ಉದುರಿಸುವ ಕಾಲದಲ್ಲಿಯೂ ಕಾವಿಗೆ ಕೂತಾಗಲೂ ಹೇಂಟೆಯು ಮೊಟ್ಟೆಯಿಡದು. ಚಳಿಗಾಲದ ಸಣ್ಣ ಹಗಲುಗಳಲ್ಲಿ ಕಡಿಮೆ ಇಡುತ್ತದೆ. ಕುತ್ತಿಗೆ ತಿರುಚಿ, ಹಸುರು ಭೇದಿಯಾಗಿ, ಒಂದರ ಹಿಂದೊಂದು ಸತ್ತರೆ ಅದು ಕೊಕ್ಕರೆ ರೋಗವೆಂದು ಶಂಕಿಸಿರಿ. ಅದಕ್ಕೆ ಮೇವಿನಲ್ಲಿ ಔಷಧವಿಲ್ಲ, ಮುಂಚಿತವಾಗಿ ಲಸಿಕೆ ಹಾಕಿಸಬೇಕು. ಹೊಟ್ಟೆಹುಳವಿರುವ ಕೋಳಿಗೆ ಎಷ್ಟು ಹಾಕಿದರೂ ಮೈಗೆ ಹತ್ತುವದಿಲ್ಲ.

ಮೊಟ್ಟೆಗಳನ್ನೆಲ್ಲಾ ಮಾರಿಬಿಡುವ ಮನೆಗಳಿಗೂ ಒಂದು ಮಾತು. 2021ರ ಡಿಸೆಂಬರಿನಿಂದ ವಿಜಯನಗರ, ಬಳ್ಳಾರಿ ಮೊದಲಾದ ಜಿಲ್ಲೆಗಳ ಸರಕಾರಿ ಶಾಲೆಗಳಲ್ಲಿ ಮಧ್ಯಾಹ್ನದ ಊಟದೊಂದಿಗೆ ಮೊಟ್ಟೆ ಕೊಡಲಾರಂಭಿಸಿದರು. ಶಾಲೆಗೆ ಹೋಗುವ ಮಕ್ಕಳಿಗೆ ಅದು ದೊರೆಯಿತು. ಶಾಲೆಗೆ ಹೋಗದ ವಯಸ್ಸಿನ ಕೂಸು, ಬಸುರಿ, ಬಾಣಂತಿ, ಮುದುಕಿ ಇವರು ಮನೆಯ ಗೂಡಿನ ಕಡೆಗೇ ನೋಡಬೇಕಾದವರು. ಗೂಡಿನಿಂದ ತೆಗೆದ ಮೊಟ್ಟೆಗಳಲ್ಲಿ ಇವರ ಪಾಲನ್ನು ತೆಗೆದಿಟ್ಟ ಮೇಲೆ ಮಾರಾಟದ ಬುಟ್ಟಿಯನ್ನು ತುಂಬಿರಿ.

ತೊಗಲುಮೊಟ್ಟೆ ಕಂಡ ಮನೆಯವರು ಈ ಹೊತ್ತಿನ ಸಂಜೆಯೇ ಚಿಪ್ಪಿನ ಓಡನ್ನು ಇಟ್ಟು, ನೆರಳಲ್ಲಿ ನೀರಿಟ್ಟು, ಹಿಡಿ ಜೋಳಕ್ಕೆ ಎರಡು ಬೆರಳಷ್ಟು ಹಿಂಡಿ ಸೇರಿಸಿ ಎರಡು ವಾರ ನೋಡಿರಿ. ಸಾಮಾನ್ಯವಾಗಿ ಅಷ್ಟರೊಳಗೆ ಚಿಪ್ಪು ಗಟ್ಟಿಯಾಗುತ್ತದೆ. ಆಗದಿದ್ದರೆ ಕೋಳಿಯನ್ನೂ ಅದು ಇಟ್ಟ ಮೊಟ್ಟೆಯನ್ನೂ ಬುಟ್ಟಿಯಲ್ಲಿ ಹಾಕಿ ಹತ್ತಿರದ ಪಶುವೈದ್ಯಶಾಲೆಗೆ ಒಯ್ಯಿರಿ. ಹೋಗುವಾಗ ಪಕ್ಕದ ಮನೆಯ ಸಹೋದರಿಯನ್ನೂ ಜೊತೆಗೆ ಕರೆದುಕೊಳ್ಳಿರಿ. ಆಕೆಯ ಕೋಳಿಗೂ ಲಸಿಕೆಯ ದಿನವನ್ನು ಕೇಳಿಬರಬಹುದು.